ದುಬಾರಿ ಟರ್ನ್‌ಟೇಬಲ್: ದುಡ್ಡು ಎಲ್ಲಿಯವರೆಗೆ ಕೇಳಿಸುತ್ತದೆ?

ದಾವಣಗೆರೆ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದ ಊರು. ಇಲ್ಲಿನ ಹಳೇ ಮನೆಗಳ ಅಟ್ಟ ಹುಡುಕಿದರೆ ಇವತ್ತಿಗೂ ಗ್ರಾಮಫೋನ್ ಪ್ಲೇಟುಗಳು ಸಿಗುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ, ರಂಗಗೀತೆಗಳ ಅರಗಿನ ಪ್ಲೇಟು, ಸಿನಿಮಾ ಹಾಡಿನ ಇಪಿ ಎಂಬ ಸಣ್ಣ ಪ್ಲೇಟು, ಮಲ್ಲಿಕಾರ್ಜುನ ಮನ್ಸೂರರ ಅಥವಾ ಗಂಗೂಬಾಯಿ ಹಾನಗಲ್ಲರ ಒಂದೆರಡು ಎಲ್‌ಪಿ, ಅಂದರೆ ದೊಡ್ಡ ಪ್ಲೇಟು. ಇವನ್ನು ಮತ್ತೆ ಕೇಳಬೇಕು ಎಂದು ಹೊರಟವರ ತಲೆಯಲ್ಲಿ ಬೇಗ ಒಂದು ಪ್ರಶ್ನೆ ಹುಟ್ಟುತ್ತದೆ: ಲಕ್ಷಗಟ್ಟಲೆ ಕೊಟ್ಟು ಪ್ಲೇಟು ತಿರುಗಿಸುವ ಮಷೀನ್, ಅಂದರೆ ಟರ್ನ್‌ಟೇಬಲ್ ತಂದರೆ ನಿಜಕ್ಕೂ ಚೆನ್ನಾಗಿ ಕೇಳಿಸುತ್ತದಾ?

ಉತ್ತರ ಮೊದಲೇ ಹೇಳುತ್ತೇನೆ. ಒಂದು ಮಟ್ಟದವರೆಗೆ ಖಂಡಿತ ಹೌದು. ಆಮೇಲೆ ಇಲ್ಲ. ಆ ಮಟ್ಟ ನಾವು ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿದೆ. ಅದನ್ನು ತೀರ್ಮಾನಿಸುವುದು ಮಷೀನಲ್ಲ, ಪ್ಲೇಟು. ಎಲೆಕ್ಟ್ರಾನಿಕ್ಸ್ ಓದುತ್ತಿರುವವರಿಗೂ ಸುಮ್ನೆ ಹಾಡು ಕೇಳುವವರಿಗೂ ಅರ್ಥವಾಗಲಿ ಎಂದು ಲೆಕ್ಕ ಬಿಡಿಸಿ ಬರೆದಿದ್ದೇನೆ.

ಟರ್ನ್‌ಟೇಬಲಿನ ಕೆಲಸ ಏನು

ಪ್ಲೇಟನ್ನು ಒಂದೇ ವೇಗದಲ್ಲಿ ತಿರುಗಿಸಬೇಕು. ತನ್ನ ಸ್ವಂತ ಸದ್ದು ಸೇರಿಸಬಾರದು. ಮುಳ್ಳು ಹೊತ್ತು ಪ್ಲೇಟಿನ ಗೆರೆಯ ಮೇಲೆ ಸಾಗುವ ತೋಳನ್ನು, ಅಂದರೆ ಟೋನ್ ಆರ್ಮನ್ನು, ಅಲ್ಲಾಡದಂತೆ ಹಿಡಿದಿರಬೇಕು. ಇಷ್ಟೇ.

ವೇಗ ನಿಧಾನವಾಗಿ ಏರಿಳಿದರೆ ಅದಕ್ಕೆ ವಾವ್ ಎನ್ನುತ್ತಾರೆ, ಬೇಗಬೇಗ ನಡುಗಿದರೆ ಫ್ಲಟರ್. ಮೋಟಾರ್ ಮತ್ತು ಬೇರಿಂಗಿನ ಗುರುಗುರು ಸದ್ದು ರಂಬಲ್. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಎಂಕೆ2 ಮಾಡೆಲ್ 1979ರಲ್ಲಿ ಬಂತು. ಪ್ಲೇಟು ಇಡುವ ತಟ್ಟೆ ಮೋಟಾರಿನ ಮೇಲೇ ಕೂರುವ ಡೈರೆಕ್ಟ್ ಡ್ರೈವ್ ಅದು. ಅದರ ವಾವ್-ಫ್ಲಟರ್ ಅಂಕಿ 0.025 ಶೇಕಡಾ, ರಂಬಲ್ ಮೈನಸ್ 78 ಡೆಸಿಬಲ್, ಅಂದರೆ ಸಂಗೀತದ ಸದ್ದಿಗಿಂತ 78 ಡೆಸಿಬಲ್ ಕೆಳಗೆ. ಈಗ ಪ್ಲೇಟಿನ ಕಡೆ ನೋಡಿ. ಚೆನ್ನಾಗಿ ಒತ್ತಿದ ಎಲ್‌ಪಿಯ ಗೆರೆಯ ಸರಸರ ಸದ್ದೇ ಸಂಗೀತಕ್ಕಿಂತ ಸುಮಾರು 60ರಿಂದ 70 ಡೆಸಿಬಲ್ ಕೆಳಗೆ ಕೂತಿರುತ್ತದೆ. ಅಂದರೆ ನಲವತ್ತು ವರ್ಷಕ್ಕೂ ಹಿಂದಿನ ಆ ಮಷೀನಿನ ಸದ್ದು ಆಗಲೇ ಪ್ಲೇಟಿನ ಸದ್ದಿನ ಕೆಳಗೆ ಹೂತುಹೋಗಿತ್ತು. ಅದನ್ನು ಇನ್ನೂ ಹತ್ತು ಡೆಸಿಬಲ್ ತಗ್ಗಿಸಲು ಲಕ್ಷಗಟ್ಟಲೆ ಖರ್ಚು ಮಾಡಿದರೆ, ಕೇಳಿಸಿಕೊಳ್ಳಲು ಅಲ್ಲಿ ಏನೂ ಉಳಿದಿಲ್ಲ.

ನಡುವಿನ ತೂತು

ಈ ಟಿಪ್ಪಣಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಪ್ಲೇಟಿನ ನಡುವಿನ ತೂತು ಸರಿಯಾಗಿ ನಡುವೆಯೇ ಇರುತ್ತದೆ ಎಂದು ನಾವು ನಂಬಿಕೊಂಡಿರುತ್ತೇವೆ. ಹಾಗೇನೂ ಇಲ್ಲ. ಒತ್ತುವಾಗ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ, ಕೆಲವು ಸಲ ಜಾಸ್ತಿಯೇ. ಆಗ ಗೆರೆ ಒಂದು ಕಡೆ ನಡುವಿಗೆ ಹತ್ತಿರ, ಇನ್ನೊಂದು ಕಡೆ ದೂರ. ಹತ್ತಿರ ಇದ್ದಾಗ ಮುಳ್ಳಿನ ಕೆಳಗೆ ಗೆರೆ ನಿಧಾನ ಸಾಗುತ್ತದೆ, ದೂರ ಇದ್ದಾಗ ಬೇಗ. ವೇಗ ಎಷ್ಟು ಏರಿಳಿಯುತ್ತದೆ ಎಂಬ ಲೆಕ್ಕ ಬಹಳ ಸುಲಭ: ತೂತು ಎಷ್ಟು ಸರಿದಿದೆಯೋ ಅದನ್ನು ಗೆರೆಯ ತ್ರಿಜ್ಯದಿಂದ ಭಾಗಿಸಿ.

ತೂತು ಅರ್ಧ ಮಿಲಿಮೀಟರ್ ಸರಿದಿದೆ, ಮುಳ್ಳು ನಡುವಿನಿಂದ 100 ಮಿಲಿಮೀಟರ್ ದೂರದಲ್ಲಿದೆ ಎನ್ನಿ. 0.5 ಭಾಗಿಸು 100. ಅರ್ಧ ಶೇಕಡಾ ಮೇಲೆ, ಅರ್ಧ ಶೇಕಡಾ ಕೆಳಗೆ. 240 ಹರ್ಟ್ಜ್‌ನಲ್ಲಿ ಹಾಡಿದ ಷಡ್ಜ 238.8ರಿಂದ 241.2ರವರೆಗೆ ತೂಗಾಡುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಒಂದು ಸುತ್ತಿಗೆ 1.8 ಸೆಕೆಂಡ್, ಹಾಗಾಗಿ ಪ್ರತಿ 1.8 ಸೆಕೆಂಡಿಗೆ ಒಂದು ತೂಗಾಟ. ತಂಬೂರಿಯೂ ಜೊತೆಗೇ ತೂಗುತ್ತದೆ. ಸಿನಿಮಾ ಹಾಡಿನಲ್ಲಿ ಇದು ಗೊತ್ತಾಗದೇ ಹೋಗಬಹುದು. ಮನ್ಸೂರರು ಒಂದು ಸ್ವರದ ಮೇಲೆ ನಿಂತಾಗ ಮಾತ್ರ ಗೊತ್ತಾಗುತ್ತದೆ, ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಇದನ್ನು ಟೆಕ್ನಿಕ್ಸಿನ 0.025 ಜೊತೆ ಇಟ್ಟು ನೋಡಿ. ಆ ಅಂಕಿ ಆರ್‌ಎಂಎಸ್ ಎಂಬ ಒಂದು ಬಗೆಯ ಸರಾಸರಿ ಲೆಕ್ಕದ್ದು, ನಮ್ಮ ಅರ್ಧ ಶೇಕಡಾ ತುದಿಯ ಲೆಕ್ಕದ್ದು. ಆರ್‌ಎಂಎಸ್‌ಗೆ ತಂದರೆ ನಮ್ಮದು ಸುಮಾರು 0.35 ಆಗುತ್ತದೆ. ಕಿವಿ ಸೆಕೆಂಡಿಗೆ ನಾಲ್ಕು ಸಲ ನಡುಗುವ ಸದ್ದಿಗೆ ತುಂಬಾ ಚುರುಕು, ಇಷ್ಟು ನಿಧಾನದ ತೂಗಾಟಕ್ಕೆ ಸ್ವಲ್ಪ ಮಂದ. ಆ ರಿಯಾಯಿತಿ ಕೊಟ್ಟರೂ ಪ್ಲೇಟಿನ ತಪ್ಪು ಮಷೀನಿನ ತಪ್ಪಿಗಿಂತ ಎಷ್ಟೋ ಪಟ್ಟು ದೊಡ್ಡದು. ಮಷೀನ್ ಎಷ್ಟೇ ಬೆಲೆಯದ್ದಾದರೂ ಸೊಟ್ಟ ತೂತನ್ನು ಸೊಟ್ಟವಾಗಿಯೇ ತಿರುಗಿಸುತ್ತದೆ. ಜಪಾನಿನ ನಕಾಮಿಚಿ ಕಂಪನಿ 1980ರ ದಶಕದ ಆರಂಭದಲ್ಲಿ ಟಿಎಕ್ಸ್-1000 ಎಂಬ ಮಾಡೆಲ್ ತಂದಿತ್ತು. ಪ್ಲೇಟು ಎಷ್ಟು ಸರಿದಿದೆ ಎಂದು ತಾನೇ ಅಳೆದು, ತಟ್ಟೆಯನ್ನು ಸರಿಸಿ ನಡುವಿಗೆ ತರುತ್ತಿತ್ತು. ದುಬಾರಿ ಬೆಲೆಗೆ ನಿಜವಾದ ಉತ್ತರ ಕೊಟ್ಟ ಮಷೀನ್ ಎಂದು ನಾನು ಮನಸಾರೆ ಒಪ್ಪುವುದು ಅದನ್ನೇ.

ನಿಮ್ಮ ಪ್ಲೇಟನ್ನು ನೀವೇ ಪರೀಕ್ಷಿಸಬಹುದು. ಹಾಡುತ್ತಿರುವಾಗ ಪಕ್ಕದಿಂದ ನೋಡಬೇಡಿ, ಮುಂದೆ ಬಗ್ಗಿ ಟೋನ್ ಆರ್ಮಿನ ತುದಿಯನ್ನೇ ನೋಡಿ. ಅದು ಒಳಗಡೆಗೆ ಮೆಲ್ಲಗೆ ಜಾರುತ್ತಾ ಹೋಗಬೇಕು. ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗಿದರೆ ತೂತು ಸರಿದಿದೆ ಎಂದೇ ಅರ್ಥ. ಮೇಲೆ ಕೆಳಗೆ ಆಡಿದರೆ ಪ್ಲೇಟು ಸೊಟ್ಟಗಾಗಿದೆ. ನಮ್ಮ ಏಪ್ರಿಲ್ ಬಿಸಿಲಿಗೆ, ಶೀಟಿನ ಕೆಳಗಿನ ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟರೆ ಸೊಟ್ಟಗಾಗದೆ ಇನ್ನೇನಾಗುತ್ತದೆ? ನೆಟ್ಟಗೆ ನಿಲ್ಲಿಸಿಡಿ.

ದುಡ್ಡು ಕೇಳಿಸುವ ಜಾಗ

ಮೊದಲ ಮೆಟ್ಟಿಲಿನಲ್ಲಿ ಮಾತ್ರ ಜಿಪುಣತನ ಬೇಡ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಡ್ಜ್ (ಮುಳ್ಳಿನ ನಡುಕವನ್ನು ಕರೆಂಟಾಗಿಸುವ ಪುಟ್ಟ ಭಾಗ) ಇರುತ್ತದೆ. ಅದು ಗೆರೆಯ ಮೇಲೆ ಐದು ಗ್ರಾಂ, ಕೆಲವು ಸಲ ಇನ್ನೂ ಜಾಸ್ತಿ ಭಾರ ಹಾಕುತ್ತದೆ. ಒಳ್ಳೆಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ ಎರಡು ಗ್ರಾಂ ಸಾಕು. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿ ಇರುವುದರಿಂದ ಅದರ ನಡುಕ ನೇರ ಮುಳ್ಳಿಗೆ ಹೋಗುತ್ತದೆ. ಇಲ್ಲಿಂದ ಒಂದು ಸಾಧಾರಣ ಬೆಲ್ಟ್ ಡ್ರೈವ್ (ಮೋಟಾರ್ ಬೆಲ್ಟಿನಿಂದ ತಟ್ಟೆ ತಿರುಗಿಸುವ) ಮಷೀನಿಗೆ ಏರಿದರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಆ ಮಷೀನಿನಲ್ಲಿ ಮುಳ್ಳಿನ ಭಾರ ಸರಿಹೊಂದಿಸಲು ಬರಬೇಕು, ಕಾರ್ಟ್ರಿಡ್ಜ್ ಬಿಚ್ಚಿ ಬದಲಿಸಲು ಬರಬೇಕು. ಇವೆರಡು ಇದ್ದರೆ ಮಷೀನಿನ ಮಟ್ಟಿಗೆ ನಿಮ್ಮ ಖರ್ಚು ಮುಗಿದ ಹಾಗೆ.

ಮುಂದಿನ ರೂಪಾಯಿ ಮುಳ್ಳಿಗೆ ಹೋಗಲಿ. ಎಲ್‌ಪಿಯ ಹೊರಗಿನ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಲೇಬಲ್ ಹತ್ತಿರದ ಕೊನೆಯ ಗೆರೆ ಬರೀ 21. ಅದೇ ಹಾಡಿನ ಅಲೆಗಳನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಉರುಟು ತುದಿಯ ಮುಳ್ಳು ಆ ಸಣ್ಣ ತಿರುವುಗಳಲ್ಲಿ ಇಳಿಯಲಾರದೆ ಹೋಗುತ್ತದೆ. ಸ, ಶ ಅಕ್ಷರಗಳು ಕೊನೇ ಹಾಡಿನಲ್ಲಿ ಹರಿದಂತೆ ಕೇಳುವುದು ಅದಕ್ಕೇ. ಮೊಟ್ಟೆಯಾಕಾರದ ಮುಳ್ಳು, ಅದಕ್ಕಿಂತ ಮೇಲಿನ, ಇನ್ನೂ ತೆಳು ಅಂಚಿನ ಮೈಕ್ರೋಲೈನ್ ಮುಳ್ಳು ಇಲ್ಲಿ ನಿಜವಾಗಿ ಕೆಲಸ ಮಾಡುತ್ತವೆ. ಹಾಗೇ, ಸವೆದ ಮುಳ್ಳನ್ನು ಬದಲಿಸಿ. ಮೊಟ್ಟೆಯಾಕಾರದ್ದು ಕೆಲವು ನೂರು ಗಂಟೆ ಬಾಳುತ್ತದೆ, ಆಮೇಲೆ ಪ್ಲೇಟನ್ನೇ ಕೆರೆಯಲು ಶುರು ಮಾಡುತ್ತದೆ.

ಭಾರ ಅಳೆಯಲು ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಒಂದಿರಲಿ. ಅದನ್ನು ಪ್ಲೇಟು ಕೂರುವ ಎತ್ತರದಲ್ಲೇ ಇಟ್ಟು, ಮುಳ್ಳನ್ನು ಮೆಲ್ಲಗೆ ಇಳಿಸಿ ಅಂಕಿ ಓದಿ. ಕಡಿಮೆ ಭಾರ ಇಟ್ಟರೆ ಪ್ಲೇಟಿಗೆ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಭಾರ ಸಾಲದ ಮುಳ್ಳು ಗೆರೆಯಲ್ಲಿ ಕುಣಿಯುತ್ತಾ ಗೋಡೆಗೆ ಬಡಿಯುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ಮೇಲ್ಗಡೆಗೆ ಇರಿಸಿ.

ಎಂಜಿನಿಯರಿಂಗ್ ಓದುವವರಿಗೆ ಇನ್ನೊಂದು ಲೆಕ್ಕ. ಆರ್ಮ್ ಮತ್ತು ಕಾರ್ಟ್ರಿಡ್ಜ್ ಸೇರಿ ಒಂದು ಸ್ಪ್ರಿಂಗು-ತೂಕದ ಜೋಡಿ ಆಗುತ್ತದೆ. ಅದರ ಅನುರಣನ 8ರಿಂದ 12 ಹರ್ಟ್ಜ್ ನಡುವೆ ಬಂದರೆ ಚೆನ್ನ. ಆರ್ಮಿನ ಎಫೆಕ್ಟಿವ್ ಮಾಸ್ (ಮುಳ್ಳಿನ ತುದಿಗೆ ತಾಗುವ ತೂಕ) ಮತ್ತು ಕಾರ್ಟ್ರಿಡ್ಜಿನ ತೂಕ ಕೂಡಿ ಗ್ರಾಂನಲ್ಲಿ ತೆಗೆದುಕೊಂಡು, ಕಾರ್ಟ್ರಿಡ್ಜಿನ ಕಂಪ್ಲಯನ್ಸ್ (ಮುಳ್ಳಿನ ಸ್ಪ್ರಿಂಗು ಎಷ್ಟು ಮೆತ್ತಗಿದೆ ಎಂಬ) ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. 18 ಗ್ರಾಂ, ಕಂಪ್ಲಯನ್ಸ್ 15 ಆದರೆ 9.7 ಹರ್ಟ್ಜ್, ಸರಿಯಾಗಿದೆ. ಅದೇ ಆರ್ಮಿಗೆ 35ರ ಮೆತ್ತನೆ ಕಾರ್ಟ್ರಿಡ್ಜ್ ಹಾಕಿದರೆ 6.3ಕ್ಕೆ ಇಳಿಯುತ್ತದೆ. ಆಗ ಸೊಟ್ಟ ಪ್ಲೇಟಿನ ಏರುತಗ್ಗಿಗೆಲ್ಲ ಆರ್ಮ್ ಕುಣಿಯುತ್ತದೆ. ಎರಡೂ ದುಬಾರಿ ವಸ್ತುಗಳೇ ಇರಬಹುದು, ಜೋಡಿ ಮಾತ್ರ ಕೆಟ್ಟದ್ದು.

ಕಿವಿಗೆ ಆಗುವ ಮೋಸ

"ಬದಲಿಸಿದ ಮೇಲೆ ಎಷ್ಟು ಚೆನ್ನಾಗಿದೆ ಗೊತ್ತಾ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಒಂದು ಕಾರ್ಟ್ರಿಡ್ಜ್ 3.5 ಮಿಲಿವೋಲ್ಟ್, ಇನ್ನೊಂದು 5 ಮಿಲಿವೋಲ್ಟ್ ಕೊಟ್ಟರೆ ವ್ಯತ್ಯಾಸ 3 ಡೆಸಿಬಲ್. ಸ್ವಲ್ಪ ಜೋರಾಗಿ ಕೇಳಿದ್ದು ಯಾರಿಗಾದರೂ ಚೆನ್ನಾಗಿಯೇ ಕೇಳುತ್ತದೆ. ವಾಲ್ಯೂಮ್ ಸಮ ಮಾಡದೆ ಹೋಲಿಸಿದ್ದು ಲೆಕ್ಕಕ್ಕಿಲ್ಲ.

2022ರ ಜುಲೈನಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ವಿಷಯ ಹೊರಬಂತು. ಅವರ ದುಬಾರಿ ಪ್ಲೇಟುಗಳಲ್ಲಿ ಹಲವನ್ನು ಹಲವು ವರ್ಷಗಳಿಂದ ಡಿಜಿಟಲ್ ಹಂತ ದಾಟಿಸಿಯೇ ತಯಾರಿಸುತ್ತಿದ್ದರು. ಅವು ಪೂರ್ತಿ ಅನಲಾಗ್ ಎಂದೇ ನಂಬಿ, ಬಹಳ ಬೆಲೆಯ ಮಷೀನ್‌ಗಳಲ್ಲಿ ಕೇಳಿ ಮೆಚ್ಚಿದವರು ಸಾವಿರಾರು ಜನ. ಪ್ಲೇಟು ನಿಜಕ್ಕೂ ಚೆನ್ನಾಗಿಯೇ ಇತ್ತು. ಕೇಳುವವರ ನಂಬಿಕೆ ಬೇರೆ, ಕಿವಿಗೆ ಬಿದ್ದದ್ದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ.

ನಮ್ಮ ಊರಲ್ಲಿ ಕೊಳ್ಳುವವರಿಗೆ

ಪಿ.ಬಿ. ರಸ್ತೆಯ ಲಾರಿ, ರೈಲು ಹಳಿ ಹತ್ತಿರದ ಮನೆ, ಓಡಾಡಿದರೆ ನಡುಗುವ ಹಳೇ ಮರದ ಮಾಳಿಗೆ. ಇವುಗಳ ನಡುಕ ಮುಳ್ಳಿಗೆ ತಲುಪದಂತೆ ತಡೆಯಲು ಭಾರದ ದುಬಾರಿ ಮಷೀನ್ ಒಂದು ಉತ್ತರ. ಗೋಡೆಗೆ ಗಟ್ಟಿಯಾಗಿ ಹೊಡೆದ ಕಡಪಾ ಕಲ್ಲಿನ ಹಲಗೆ ಅದಕ್ಕಿಂತ ಅಗ್ಗದ, ಅಷ್ಟೇ ಒಳ್ಳೆಯ ಉತ್ತರ. ಸ್ಪೀಕರನ್ನು ಅದೇ ಹಲಗೆ ಮೇಲೆ ಇಡಬೇಡಿ.

ಅಜ್ಜನ ಕಾಲದ 78ರ ಪ್ಲೇಟುಗಳಿದ್ದರೆ ಗಮನವಿಟ್ಟು ಓದಿ. ದುಬಾರಿ ಮಷೀನ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ 78ರ ವೇಗವೇ ಇಲ್ಲ. ಮೇಲೆ ಹೇಳಿದ ಎಂಕೆ2ಗೂ ಇರಲಿಲ್ಲ, 2019ರ ಎಂಕೆ7ಗೆ ಇದೆ. ಮುಳ್ಳೂ ಬೇರೆ ಬೇಕು: ಎಲ್‌ಪಿಯ ಉರುಟು ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ಕ್ಕೆ ಸುಮಾರು 75. ಸಣ್ಣ ಮುಳ್ಳು ಅಗಲ ಗೆರೆಯ ತಳಕ್ಕೆ ಬಿದ್ದು ಕೊಳೆಯನ್ನೇ ಓದುತ್ತದೆ. ಈ ಪ್ಲೇಟುಗಳನ್ನು ಒರೆಸಲು ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗಿಹೋಗುತ್ತದೆ.

ಹೊರದೇಶದಿಂದ ಬಂದ ಹಳೇ ಮಷೀನ್ ಕೊಳ್ಳುವ ಮೊದಲು ಅದರ ಹಿಂಬದಿಗೆ ಅಂಟಿಸಿದ ಪಟ್ಟಿ ಓದಿ. 60 ಹರ್ಟ್ಜ್ ಎಂದು ಮಾತ್ರ ಇದ್ದು, ಮೋಟಾರ್ ಮನೆಯ ಎಸಿ ಕರೆಂಟಿನ ಲಯಕ್ಕೇ ತಿರುಗುವಂಥದ್ದಾದರೆ, ನಮ್ಮ 50 ಹರ್ಟ್ಜ್‌ನಲ್ಲಿ 33⅓ರ ಬದಲು 27.8ರಲ್ಲಿ ತಿರುಗುತ್ತದೆ. ಅದನ್ನು ಸರಿಪಡಿಸಲು 50 ಹರ್ಟ್ಜ್‌ನ ಪುಲ್ಲಿ (ಮೋಟಾರಿನ ತುದಿಯ ಪುಟ್ಟ ಗಾಲಿ) ಸಿಗುತ್ತದಾ ಎಂದು ಮಾರುವವರನ್ನು ಕೇಳಿ. ವೇಗ ನೋಡಲು ಅಂಚಿನಲ್ಲಿ 180 ಗೆರೆಗಳಿರುವ ಕಾಗದದ ಚಕ್ರ ಸಾಕು. ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಅದರ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಇದು ಕಾಣುವುದಿಲ್ಲ, ನೋಡಲು ಹೋಗುವಾಗ ಟ್ಯೂಬ್‌ಲೈಟ್ ಇರುವ ಕೋಣೆಯಲ್ಲೇ ಮಷೀನ್ ಹಚ್ಚಿಸಿ.