ಗರಬಡಿದ ಸೈನಿಕನನ್ನು ಒಂದು ನಿಮಿಷದಲ್ಲಿ ಮರಳಿ ತರುವುದು: ‘ಐಕವರ್’ ಟಿಪ್ಪಣಿ

ದಾಳಿಯ ನಡುವೆ ಕೆಲವು ಸೈನಿಕರು ಗರಬಡಿದಂತೆ ನಿಂತುಬಿಡುತ್ತಾರೆ. ಕಣ್ಣು ತೆರೆದಿರುತ್ತದೆ, ಕರೆದರೆ ಓಗೊಡುವುದಿಲ್ಲ. ಇದು ತೀವ್ರ ಒತ್ತಡದ ಪ್ರತಿಕ್ರಿಯೆ. ಹೇಡಿತನವಲ್ಲ, ಪಿಟಿಎಸ್‌ಡಿಯೂ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ಅಲ್ಲ. ಪಿಟಿಎಸ್‌ಡಿ ಎನ್ನಬೇಕಾದರೆ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿಯಬೇಕು.

ಗುಂಡು ಹಾರುತ್ತಿರುವಾಗ ವೈದ್ಯರಿಗಾಗಿ ಕಾಯಲಾಗದು, ಪಕ್ಕದವನೇ ನೆರವಾಗಬೇಕು. ಅದಕ್ಕೆಂದು ಇಸ್ರೇಲ್ ಸೇನೆ ರೂಪಿಸಿದ್ದು ‘ಯಹಲೋಮ್’. ಹೀಬ್ರೂ ಅಕ್ಷರಗಳ ಸಂಕ್ಷೇಪವಾದ ಈ ಪದಕ್ಕೆ ವಜ್ರ ಎಂಬ ಅರ್ಥವೂ ಇದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆ ಅದನ್ನು ತನ್ನ ಸೈನಿಕರಿಗೆ ಒಗ್ಗಿಸಿ ‘ಐಕವರ್’ (iCOVER) ಮಾಡಿತು. ಹೆಸರಿನ ಆರು ಇಂಗ್ಲಿಷ್ ಅಕ್ಷರಗಳೇ ಆರು ಹೆಜ್ಜೆ.

ಮೊದಲ ಮೂರು ಬೇಗ ಮುಗಿಯುತ್ತವೆ. ಗುರುತಿಸು: ಗಾಯವೋ ತಲೆಗೆ ಪೆಟ್ಟೋ ಇದ್ದರೆ ಚಿಕಿತ್ಸೆ ಮೊದಲು. ಸಂಪರ್ಕ ಸಾಧಿಸು: ಎದುರಿಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಹೆಸರು ಹಿಡಿದು ಕರೆ, “ಕೇಳಿಸಿದರೆ ನನ್ನ ಕೈ ಒತ್ತು.” ಜೊತೆಗಿರುವೆನೆನ್ನು: “ನಾನಿಲ್ಲೇ ಇದ್ದೀನಿ, ನೀನೊಬ್ಬನೇ ಅಲ್ಲ.”

ನಾಲ್ಕನೆಯದು ವಾಸ್ತವಾಂಶ ಕೇಳುವುದು. ಇಲ್ಲೇ ಎಡವುವವರು ಜಾಸ್ತಿ. “ಗಾಡಿಯಲ್ಲಿ ಎಷ್ಟು ಜನ ಇದ್ದೆವು?”, “ನಮ್ಮ ಕಮಾಂಡರ್ ಯಾರು?” ಎಂದು ಚಿಕ್ಕ ಉತ್ತರದ ಎರಡು ಮೂರು ಪ್ರಶ್ನೆ ಸಾಕು. “ಭಯ ಆಗ್ತಿದೆಯಾ?” ಎಂದು ಮಾತ್ರ ಕೇಳಬಾರದು. ಎಣಿಸಿ, ನೆನೆದು ಉತ್ತರಿಸಲು ಯೋಚಿಸುವ ಮೆದುಳು ಕೆಲಸಕ್ಕಿಳಿಯಬೇಕಾಗುತ್ತದೆ. ಭಾವನೆಯ ಪ್ರಶ್ನೆ ಅವನನ್ನು ಭಯದೊಳಕ್ಕೇ ದೂಡುತ್ತದೆ. ಅಪ್ಪಿಕೊಂಡು ಸಮಾಧಾನ ಹೇಳುವುದೂ ಹಾಗೆಯೇ: ಕರುಣೆ ಸರಿ, ಆದರೆ ‘ನಾನು ಕೈಲಾಗದವನು’ ಎಂಬ ಅನಿಸಿಕೆ ಗಟ್ಟಿಯಾಗುತ್ತದೆ.

ಐದನೆಯದು ಘಟನೆಗಳಿಗೆ ಕ್ರಮ ಕೊಡುವುದು. ಅವನಿಗೆ ಕಾಲದ ಎಳೆಯೇ ಕಡಿದಿರುತ್ತದೆ. ಹಾಗಾಗಿ ಆದದ್ದು, ಆಗುತ್ತಿರುವುದು, ಆಗಲಿರುವುದು, ಮೂರೇ ವಾಕ್ಯ: “ನಮ್ಮ ಮೇಲೆ ದಾಳಿ ಆಯ್ತು. ಈಗ ಗೋಡೆ ಮರೆಯಲ್ಲಿದ್ದೀವಿ. ಇನ್ನೆರಡು ನಿಮಿಷಕ್ಕೆ ಹೊರಡ್ತೀವಿ.” ಸುಳ್ಳು ಭರವಸೆ ಸೇರಿಸಬೇಡಿ.

ಕೊನೆಯದು ಕೆಲಸ ಹಚ್ಚುವುದು. “ಮದ್ದುಗುಂಡು ಎಣಿಸಿ ಹೇಳು”, “ಆ ಬಾಗಿಲ ಮೇಲೆ ಕಣ್ಣಿಡು.” ಕೆಲಸ ಚಿಕ್ಕದಿರಲಿ, ಆದರೆ ತಂಡಕ್ಕೆ ನಿಜವಾಗಿ ಬೇಕಾದದ್ದಿರಲಿ, ನೆಪಕ್ಕೆ ಕೊಟ್ಟದ್ದು ಅವನಿಗೂ ತಿಳಿಯುತ್ತದೆ.

ಇಷ್ಟೆಲ್ಲ ಅರವತ್ತು ಸೆಕೆಂಡಿನೊಳಗೆ ಮುಗಿಯಬೇಕು. ಬಾಯಿಪಾಠ ಸಾಲದು, ಏಕೆಂದರೆ ನೆರವಾಗುವವನ ಎದೆಯೂ ಆಗ ಹೊಡೆದುಕೊಳ್ಳುತ್ತಿರುತ್ತದೆ. ಇಬ್ಬಿಬ್ಬರಾಗಿ ಪಾತ್ರ ಬದಲಿಸಿಕೊಂಡು, ಗದ್ದಲದ ನಡುವೆ, ಹೆಲ್ಮೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ. ಚೇತರಿಸಿಕೊಂಡವನ ಬಗ್ಗೆ ಕಮಾಂಡರ್‌ಗೂ ವೈದ್ಯಕೀಯ ಸಿಬ್ಬಂದಿಗೂ ಆಮೇಲೆ ತಿಳಿಸಬೇಕು, ಐಕವರ್ ಚಿಕಿತ್ಸೆಯಲ್ಲ.