ಹೈಬ್ರಿಡ್ ಟೊಮೆಟೊ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದಾ?

ಓದುಗರ ಪ್ರಶ್ನೆ: ಹೈಬ್ರಿಡ್ ಟೊಮೆಟೊ ಬೆಳೆದಿದ್ದೇನೆ, ಹಣ್ಣು ಚೆನ್ನಾಗಿ ಬಂದಿದೆ. ಇದರದೇ ಬೀಜ ತೆಗೆದಿಟ್ಟು ಮುಂದಿನ ಸಲ ಹಾಕಬಹುದಾ? ಹೈಬ್ರಿಡ್ ಬೀಜ ಮೊಳಕೆಯೇ ಒಡೆಯಲ್ಲ ಅಂತಾರೆ, ನಿಜವಾ?

ಉತ್ತರ: ಮೊಳಕೆ ಒಡೆಯುತ್ತದೆ. ಗಿಡ ಬೆಳೆಯುತ್ತದೆ, ಹೂ ಬಿಡುತ್ತದೆ, ಕಾಯಿಯೂ ಕಚ್ಚುತ್ತದೆ. ತೊಂದರೆ ಇರುವುದು ಬೇರೆ ಕಡೆ. ಹತ್ತು ಗಿಡ ಹಾಕಿದರೆ ಹತ್ತೂ ಹತ್ತು ಥರ ಇರಬಹುದು.

ಮೊಳಕೆ ಬರದ ಬೀಜದ ಕಥೆಗೆ ಒಂದು ಮೂಲ ಇದೆ. 1998ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಬೆಳೆಯಿಂದ ಎತ್ತಿಟ್ಟ ಬೀಜ ಮೊಳೆಯದ ಹಾಗೆ ಜೀನ್ ಬದಲಿಸುವ ತಂತ್ರ ಅದು. ಜನ ಅದನ್ನು ‘ಟರ್ಮಿನೇಟರ್’ ಅಂದರು, ದೊಡ್ಡ ಗಲಾಟೆಯಾಯಿತು. ಆ ತಂತ್ರದ ಬೀಜ ಮಾರಾಟಕ್ಕೆ ಬರಲೇ ಇಲ್ಲ. ಹೆಸರು ಮಾತ್ರ ಉಳಿದು, ಈಗ ಎಲ್ಲ ಹೈಬ್ರಿಡ್‌ಗೂ ಸುಮ್ನೆ ಅಂಟಿಕೊಂಡಿದೆ. ಹೈಬ್ರಿಡ್ ಅಂದರೆ ಕುಲಾಂತರಿ ಅಲ್ಲ. ಒಂದೇ ಬೆಳೆಯ ಎರಡು ತಳಿಗಳನ್ನು ಕ್ರಾಸ್ ಮಾಡಿದ ಮೊದಲ ಪೀಳಿಗೆ, ಅಷ್ಟೇ. ಪ್ಯಾಕೆಟ್ ಮೇಲೆ ‘ಎಫ್1’ ಅಂತ ಬರೆದಿರುವುದು ಇದನ್ನೇ.

ಟೊಮೆಟೊದಲ್ಲಿ ಈ ಕ್ರಾಸಿಂಗ್ ಇವತ್ತಿಗೂ ಬಹುಪಾಲು ಕೈಕೆಲಸವೇ. ಟೊಮೆಟೊ ಹೂವಿನಲ್ಲಿ ಪರಾಗ ಕೊಡುವ ಕೇಸರಗಳು ಒಟ್ಟಿಗೆ ಸೇರಿ ಒಂದು ಹಳದಿ ಕೊಳವೆಯಾಗಿರುತ್ತವೆ, ಹೂವಿನ ಹೆಣ್ಣು ಭಾಗವಾದ ಶಲಾಕೆ ಅದರೊಳಗೆ ಕೂತಿರುತ್ತದೆ. ಹೂ ಅರಳಿದರೆ ತನ್ನ ಪರಾಗವನ್ನು ತಾನೇ ಉದುರಿಸಿಕೊಂಡು ಕೆಲಸ ಮುಗಿಸಿಬಿಡುತ್ತದೆ. ಹಾಗಾಗಿ ಹೆಣ್ಣು ತಳಿಯ ಮೊಗ್ಗನ್ನು ಅರಳುವ ಹಿಂದಿನ ದಿನವೇ ಹಿಡಿಯಬೇಕು. ಎಸಳು ಆಗಷ್ಟೇ ಮಾಸಲು ಹಳದಿಗೆ ತಿರುಗುತ್ತಿರಬೇಕು. ಚಿಮಟ ಹಿಡಿದು ಆ ಕೊಳವೆಯನ್ನು ಪೂರ್ತಿ ಕಿತ್ತು ತೆಗೆಯುತ್ತಾರೆ, ಶಲಾಕೆಗೆ ಏಟಾಗಬಾರದು. ಮಾರನೇ ದಿನ ಗಂಡು ತಳಿಯ ಪರಾಗವನ್ನು ಅದರ ತುದಿಗೆ ಮುಟ್ಟಿಸುತ್ತಾರೆ. ಜೊತೆಗೆ ಹೂವಿನ ಬುಡದ ಹಸಿರು ಎಸಳಲ್ಲಿ ಒಂದೆರಡನ್ನು ಚಿವುಟುತ್ತಾರೆ. ಹಣ್ಣಾದ ಮೇಲೆ ಆ ಎಸಳು ಇಲ್ಲದ್ದನ್ನು ನೋಡಿ, ಇದು ಕ್ರಾಸ್ ಮಾಡಿದ ಹಣ್ಣು ಅಂತ ಗುರುತಿಸಿ ಕೊಯ್ಯುವುದಕ್ಕೆ. ಹೈಬ್ರಿಡ್ ಬೀಜ ಯಾಕೆ ದುಬಾರಿ ಅಂತ ಕೇಳುವವರು ಈ ಕೆಲಸವನ್ನು ಒಂದು ಸಲ ಹತ್ತಿರದಿಂದ ನೋಡಬೇಕು.

ಗಂಡು, ಹೆಣ್ಣು ಎರಡೂ ತಳಿ ಶುದ್ಧವಾಗಿರುತ್ತವೆ. ಅಂದರೆ ಪೀಳಿಗೆ ಪೀಳಿಗೆಗೂ ಬದಲಾಗದಂಥವು. ಅದಕ್ಕೇ ಅವುಗಳ ಮಕ್ಕಳೆಲ್ಲ ಒಂದೇ ಅಚ್ಚು. ಆದರೆ ಪ್ರತಿ ಮಗುವಿನೊಳಗೂ ಅಪ್ಪನ ಜೀನ್ ಒಂದು, ಅಮ್ಮನದು ಒಂದು ಜೋಡಿಯಾಗಿ ಕೂತಿರುತ್ತವೆ. ಆ ಗಿಡ ತನ್ನ ಪರಾಗದಿಂದ ತಾನೇ ಬೀಜ ಕಟ್ಟಿದಾಗ ಈ ಜೋಡಿಗಳು ಬಿಡಿಸಿಕೊಂಡು, ಇಸ್ಪೀಟ್ ಎಲೆ ಕಲೆಸಿದ ಹಾಗೆ ಹೊಸದಾಗಿ ಸೇರುತ್ತವೆ.

ಒಂದು ಲೆಕ್ಕ ಹಾಕೋಣ. ಎಲೆ ಮುಟುರು ವೈರಸ್, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಇದೆ ಅಂದುಕೊಳ್ಳಿ. ಮೂರಕ್ಕೂ ಒಂದೊಂದು ಪ್ರಬಲ ಜೀನ್ (ಜೋಡಿಯಲ್ಲಿ ಒಂದೇ ಇದ್ದರೂ ಸಾಕಾಗುವಂಥದ್ದು) ಕಾರಣ, ಪ್ರತಿಯೊಂದೂ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ನೀವು ಎತ್ತಿಟ್ಟ ಬೀಜದಿಂದ 64 ಗಿಡ ಮಾಡಿದರೆ, ಮೂರೂ ರೋಗ ತಡೆಯುವವು ಸರಾಸರಿ 27. ಉಳಿದ 37 ಗಿಡಗಳಲ್ಲಿ ಒಂದಾದರೂ ರಕ್ಷಣೆ ಕಳೆದುಹೋಗಿರುತ್ತದೆ. ಮೂರು ಜೀನ್‌ಗೇ ಹೀಗೆ. ಅಪ್ಪ ಅಮ್ಮ ಹತ್ತು ಜೀನ್‌ಗಳಲ್ಲಿ ಬೇರೆಯಾಗಿದ್ದರೆ, ಆ ಹತ್ತೂ ಜೋಡಿ ಮೂಲ ಹೈಬ್ರಿಡ್‌ನಲ್ಲಿದ್ದ ಹಾಗೇ ಇರುವ ಗಿಡ ಸಿಗುವುದು 1,024ಕ್ಕೆ ಒಂದು. ನಿಜವಾದ ತಳಿಗಳಲ್ಲಿ ವ್ಯತ್ಯಾಸ ಹತ್ತಕ್ಕಿಂತ ತುಂಬಾ ಜಾಸ್ತಿ.

ಮಾವಿನಲ್ಲೂ ಇದೇ ಆಟ, ಆದರೆ ಅಲ್ಲಿ ಅಪ್ಪ ಅಮ್ಮನೇ ಶುದ್ಧ ತಳಿಯಲ್ಲ, ಹಾಗಾಗಿ ಎಲೆ ಕಲೆಸುವುದು ಮೊದಲ ಪೀಳಿಗೆಯಲ್ಲೇ. ನೀಲಂ ತಾಯಿ, ದಶೇರಿ ತಂದೆ ಆದರೆ ಅದು ಮಲ್ಲಿಕಾ. ದಶೇರಿ ತಾಯಿ, ನೀಲಂ ತಂದೆ ಆದರೆ ಅದು ಆಮ್ರಪಾಲಿ. ಅಪ್ಪ ಅಮ್ಮ ಅವೇ ಎರಡು, ಆದರೂ ಒಂದರ ಹಣ್ಣು ದೊಡ್ಡದು, ಇನ್ನೊಂದು ಗಿಡ್ಡ ಮರ. ಮಾವಿನವರಿಗೆ ಒಂದು ಅನುಕೂಲ ಇದೆ. ಒಳ್ಳೆಯದು ಸಿಕ್ಕ ಮೇಲೆ ಕಸಿ ಕಟ್ಟಿದರೆ ಆಯಿತು, ಬೀಜದ ಗೊಡವೆಯೇ ಬೇಡ.

ಈರುಳ್ಳಿ ವಿಷಯ ಇನ್ನೂ ಮಜವಾಗಿದೆ. ಒಂದೊಂದು ಹೂಗೊಂಚಲಲ್ಲಿ ನೂರಾರು ಪುಟ್ಟ ಹೂ. ಒಂದು ಹೂವಿಗೆ ಸಿಗುವುದು ಹೆಚ್ಚೆಂದರೆ ಆರು ಬೀಜ. ಚಿಮಟ ಹಿಡಿದು ಕೂತರೆ ಮುಗಿಯುವ ಕೆಲಸವಾ ಅದು? 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತಳಿ ವಿಜ್ಞಾನಿ ಹೆನ್ರಿ ಜೋನ್ಸ್ ಅವರಿಗೆ ‘ಇಟಾಲಿಯನ್ ರೆಡ್’ ತಳಿಯಲ್ಲಿ ಪರಾಗವೇ ಇಲ್ಲದ ಒಂದು ಗಿಡ ಸಿಕ್ಕಿತು. ಅದರ ಹೂಗೊಂಚಲಲ್ಲಿ ಚಿಕ್ಕ ಚಿಕ್ಕ ಗೆಡ್ಡೆಗಳು ಮೂಡಿದವು, ಅವನ್ನು ನೆಟ್ಟು ಗಿಡ ಉಳಿಸಿಕೊಂಡರು. ಈ ಗುಣ ಅರ್ಧ ತಾಯಿಯ ಕೋಶರಸದಿಂದ (ಜೀವಕೋಶದೊಳಗಿನ ದ್ರವ), ಅರ್ಧ ಒಂದು ದುರ್ಬಲ ಜೀನ್‌ನಿಂದ (ಜೋಡಿಯಲ್ಲಿ ಎರಡೂ ಅದೇ ಇದ್ದರೆ ಮಾತ್ರ ಗುಣ ತೋರುವಂಥದ್ದು) ಬರುತ್ತದೆ ಅಂತ ಆಮೇಲೆ ಬಿಡಿಸಿ ತೋರಿಸಿದರು. ಹೆಣ್ಣು ಸಾಲಿನಲ್ಲಿ ಪರಾಗ ಇಲ್ಲ, ಪಕ್ಕದ ಸಾಲಿನಲ್ಲಿ ಇದೆ. ಉಳಿದದ್ದನ್ನು ಜೇನ್ನೊಣ ನೋಡಿಕೊಳ್ಳುತ್ತದೆ. ಒಂದು ವಿಚಿತ್ರ ಪರಿಣಾಮವೂ ಇದೆ. ಹೀಗೆ ಹುಟ್ಟಿದ ಹೈಬ್ರಿಡ್ ಈರುಳ್ಳಿಗೂ ಎಷ್ಟೋ ಸಲ ಪರಾಗ ಇರುವುದಿಲ್ಲ. ತಿನ್ನುವುದು ಗೆಡ್ಡೆ, ಬೀಜ ಅಲ್ಲವಲ್ಲ, ಅದಕ್ಕೇ ತಳಿ ಮಾಡುವವರಿಗೆ ಅದು ತೊಂದರೆಯಲ್ಲ. ಹತ್ತಿರದಲ್ಲಿ ಬೇರೆ ಈರುಳ್ಳಿ ಹೂ ಬಿಟ್ಟಿರದಿದ್ದರೆ ಅಂಥ ಗಿಡದಲ್ಲಿ ಬೀಜವೇ ಕಟ್ಟುವುದಿಲ್ಲ. ಮೊಳಕೆ ಬರಲ್ಲ ಅನ್ನುವ ಮಾತಿಗೆ ಕೊಂಚ ಹತ್ತಿರ ಬರುವುದು ಇಂಥ ಗಿಡಗಳು.

ಸೌತೆ, ಎಲೆಕೋಸಿಗೆ ಬೇರೆ ಬೇರೆ ಉಪಾಯಗಳಿವೆ. ಅದು ಇನ್ನೊಂದು ಸಲ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಟೊಮೆಟೊ ಬೀಜ ಎತ್ತಿಡಬೇಕು ಅನ್ನಿಸಿದರೆ ಖಂಡಿತ ಎತ್ತಿಡಿ. ಮಾರಾಟಕ್ಕೆ ಬೆಳೆಯುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಂದು ಹಣ್ಣು ಮೆತ್ತಗೆ, ಇನ್ನೊಂದು ಚಿಕ್ಕದು, ಒಂದು ಇವತ್ತು ಕೊಯ್ಲು, ಇನ್ನೊಂದು ಹದಿನೈದು ದಿನ ಬಿಟ್ಟು ಆದರೆ ಕಷ್ಟ ಅಲ್ವಾ. ಹಿತ್ತಿಲಿಗಾದರೆ ಅಡ್ಡಿಯಿಲ್ಲ. ಚೆಂದದ ಹಣ್ಣು ನೋಡಿ ಬೀಜ ತೆಗೆಯಬೇಡಿ, ಒಳ್ಳೆಯ ಗಿಡ ನೋಡಿ ತೆಗೆಯಿರಿ. ತಿರುಳಿನ ಸಮೇತ ಒಂದೆರಡು ದಿನ ಹುಳಿ ಬರಲು ಬಿಡಿ, ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ. ಮುಂದಿನ ಸಲ ಆದಷ್ಟು ಜಾಸ್ತಿ ಗಿಡ ಹಾಕಿ, ಒಂದೋ ಎರಡೋ ಗಿಡ ಮಾತ್ರ ಆರಿಸಿ. ಒಂದೊಂದು ಪೀಳಿಗೆಗೂ ಬೆರಕೆ, ಅಂದರೆ ಅಪ್ಪನದು ಒಂದು ಅಮ್ಮನದು ಒಂದು ಆಗಿ ಬೇರೆ ಬೇರೆ ಇರುವ ಜೀನ್ ಜೋಡಿಗಳು, ಅರ್ಧಕ್ಕೆ ಇಳಿಯುತ್ತದೆ. ನೀವು ಎತ್ತಿಟ್ಟ ಬೀಜದ ಗಿಡದಲ್ಲಿ ಅದು ನೂರಕ್ಕೆ 50 ಪಾಲು, ಅದರ ಮುಂದಿನದರಲ್ಲಿ 25, ಹೀಗೆ ಐದನೇ ಸಲಕ್ಕೆ ಸುಮಾರು 3. ಅಷ್ಟು ಹೊತ್ತಿಗೆ ನಿಮ್ಮದೇ ಒಂದು ತಳಿ ನಿಂತಿರುತ್ತದೆ. ಮೂಲ ಹೈಬ್ರಿಡ್‌ನ ಕಸುವು ಅದರಲ್ಲಿ ಪೂರ್ತಿ ಇರದೇ ಹೋಗಬಹುದು.

ಅಷ್ಟು ತಾಳ್ಮೆ ಇಲ್ಲದವರು ಬೀನ್ಸ್ ಅಥವಾ ಬಟಾಣಿಯಿಂದ ಶುರು ಮಾಡಿ. ಅಲ್ಲಿ ಒಂದು ಹೂವನ್ನು ಕೈಯಲ್ಲಿ ಕ್ರಾಸ್ ಮಾಡಿದರೆ ಸಿಗುವುದು ಬೆರಳೆಣಿಕೆಯಷ್ಟು ಬೀಜ. ಹೈಬ್ರಿಡ್ ಮಾಡಿ ಮಾರುವುದು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಪ್ಯಾಕೆಟ್‌ನಲ್ಲಿ ಬರುವುದು ಬಹುತೇಕ ಶುದ್ಧ ತಳಿಯೇ, ಈ ವರ್ಷದ ಬೀಜದಿಂದ ಮುಂದಿನ ವರ್ಷವೂ ಅದೇ ಕಾಯಿ ಬರುತ್ತದೆ.