ರೆಪ್ಲಿಕಾ ರಿವಾಲ್ವರ್ ಕೊಳ್ಳುವ ಮುಂಚೆ ಬೆಣೆ ನೋಡಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಫ್ರೆಂಡ್‌ಶಿಪ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿ ಕೋವಿಗಳ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಅದರ ಜೊತೆಗೇ ದೊಡ್ಡ ಸಂತೆಯೂ ಸೇರುತ್ತದೆ. ಕೋವಿ ರಿಪೇರಿ ನನ್ನ ಕಸುಬು, ಹಾಗಾಗಿ ಆ ಸಂತೆ ತಪ್ಪಿಸುವುದಿಲ್ಲ. ಒಮ್ಮೆ ಅಲ್ಲಿ ಪರಿಚಯದ ಕನ್ನಡದ ಹುಡುಗನೊಬ್ಬ ಓಡಿಬಂದು, ಬಟ್ಟೆಯಲ್ಲಿ ಸುತ್ತಿದ್ದ ರೆಪ್ಲಿಕಾ ರಿವಾಲ್ವರ್, ಅಂದರೆ ಹಳೇ ಮಾದರಿಯ ಹೊಸ ನಕಲು, ಬಿಚ್ಚಿ ತೋರಿಸಿದ. "ಅಣ್ಣ, 1851ರ ನೇವಿ ಕೋಲ್ಟ್, ನಲವತ್ನಾಲ್ಕು ಕ್ಯಾಲಿಬರ್. ಹೆಂಗಿದೆ?" ಕ್ಯಾಲಿಬರ್ ಅಂದರೆ ನಳಿಗೆಯ ತೂತಿನ ಅಳತೆ.

ಹಿತ್ತಾಳೆ ಫ್ರೇಮು ಫಳಫಳ ಹೊಳೆಯುತ್ತಿತ್ತು. ಸಿಲಿಂಡರ್ ತೆಗೆದು, ಅದರ ಹಿಂಭಾಗ ಒರಗುವ ಫ್ರೇಮಿನ ಗೋಡೆ ನೋಡಿದೆ. ಸಿಲಿಂಡರಿನ ಹಲ್ಲುಗಳ ಅಚ್ಚು ಉಕ್ಕಿಗಿಂತ ಮೆತ್ತನೆಯ ಹಿತ್ತಾಳೆಯಲ್ಲಿ ನಕ್ಷತ್ರದ ಹಾಗೆ ಒತ್ತಿತ್ತು. ಉಗುರು ಆಡಿಸಿದರೆ ತಗ್ಗು ಸಿಗುತ್ತಿತ್ತು. ಹಿಂದಿನ ಯಜಮಾನ ಮದ್ದು ಜಾಸ್ತಿ ತುಂಬಿ, ತುಂಬಾ ಈಡು ಹೊಡೆದಿದ್ದಾನೆ. ಹುಡುಗ ಕೊಟ್ಟದ್ದು ಉಕ್ಕಿನ ಫ್ರೇಮಿನ ಬೆಲೆ. ನನಗೆ ನಿಜಕ್ಕೂ ಸಂಕಟವಾಯಿತು. ಕೊಳ್ಳುವ ಮುಂಚೆ ಎರಡು ನಿಮಿಷ ಕೊಟ್ಟಿದ್ದರೆ ತಿಳಿಯುತ್ತಿತ್ತು. ಆ ಎರಡು ನಿಮಿಷದಲ್ಲಿ ಏನು ನೋಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿದವರಿಗೆ ಇದು ಸುಲಭ. ಮದ್ದು ಹಾಕಿ, ಗುಂಡು ಒತ್ತಿ, ಹಿಂಭಾಗದಲ್ಲಿರುವ ನಿಪ್ಪಲ್ ಅನ್ನುವ ತೂತಿನ ಮೊಳೆಯ ಮೇಲೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಬೀಳಿಸುವುದು. ಇಲ್ಲಿ ಅದೇ ಕೆಲಸ ಸಿಲಿಂಡರಿನ ಆರು ಕೋಣೆಗಳಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದ ಕೋಲ್ಟ್, ರೆಮಿಂಗ್ಟನ್‌ಗಳು ಇಂಥವೇ. ಹಳೆಯವು ಸಿಗುವುದು ಕಡಿಮೆ, ಸಿಕ್ಕರೆ ದುಬಾರಿ. 1950ರ ದಶಕದ ಕೊನೆಗೆ ವಾಲ್ ಫೋರ್ಜೆಟ್ ಎಂಬ ಅಮೆರಿಕದ ವ್ಯಾಪಾರಿ ಇಟಲಿಯ ಬ್ರೆಷಾ ಸೀಮೆಗೆ ಹೋಗಿ, ಅಲ್ಲಿನ ಕುಶಲಕರ್ಮಿಗಳಿಂದ 1851ರ ನೇವಿ ಮಾದರಿ ಹೊಸದಾಗಿ ಮಾಡಿಸಿದರು. ಈಗ ಸಿಗುವ ಬಹುಪಾಲು ರೆಪ್ಲಿಕಾಗಳು ಆ ಸೀಮೆಯ ಪಿಯೆಟ್ಟಾ, ಉಬೆರ್ಟಿ ಕಂಪನಿಗಳವೇ. ಅಮೆರಿಕದ ಫೆಡರಲ್ ಕಾನೂನು ಇವನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ, ಆದರೆ ಕೆಲವು ರಾಜ್ಯಗಳ ನಿಯಮ ಬೇರೆ. ಭಾರತದಲ್ಲಿ ಮಾತ್ರ ಹೀಗಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಖಂಡಿತ ಬೇಡ.

ಕೈಗೆ ಬಂದ ತಕ್ಷಣ ತುಂಬಿದೆಯೋ ಖಾಲಿಯೋ ನೋಡಿ. ಕೇಪು ಇಲ್ಲ ಅಂದ ಮಾತ್ರಕ್ಕೆ ಖಾಲಿ ಅಂತಲ್ಲ. ತೆಳ್ಳನೆಯ ಮರದ ಕಡ್ಡಿಯನ್ನು ಒಂದೊಂದು ಕೋಣೆಗೂ ಇಳಿಸಿ ಆಳ ಹೋಲಿಸಿ. ಬೀರುವಿನಿಂದ ಬಂದ ರಿವಾಲ್ವರ್‌ನಲ್ಲಿ ಹಳೇ ಈಡು ಹಾಗೇ ಉಳಿದಿದ್ದನ್ನು ನಾನೇ ತೆಗೆದಿದ್ದೇನೆ.

ಈಗ ಬೆಣೆಗೆ ಬರೋಣ. ಕೋಲ್ಟ್ ಮಾದರಿಗೆ ಮೇಲ್ಪಟ್ಟಿ, ಅಂದರೆ ಸಿಲಿಂಡರಿನ ಮೇಲೆ ಹಾಯುವ ಫ್ರೇಮಿನ ಪಟ್ಟಿ, ಇಲ್ಲ. ಫ್ರೇಮಿನಿಂದ ಮುಂದಕ್ಕೆ ಚಾಚಿದ ದಪ್ಪ ಉಕ್ಕಿನ ಗೂಟ ಇದೆ, ಆರ್ಬರ್ ಅಂತಾರೆ. ನಳಿಗೆ ಆ ಗೂಟಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡನ್ನೂ ಅಡ್ಡಲಾಗಿ ಹೊಡೆದ ಒಂದು ಬೆಣೆ ಹಿಡಿದಿರುತ್ತದೆ. ಇಡೀ ರಿವಾಲ್ವರಿನ ಗಟ್ಟಿತನ ಈ ಕೂಡಿಕೆಯಲ್ಲಿದೆ. ಗೂಟದ ತುದಿ ನಳಿಗೆಯ ತೂತಿನ ತಳ ಮುಟ್ಟಲೇಬೇಕು. ಕೆಲವು ತಯಾರಿಕೆಗಳಲ್ಲಿ ಅದು ಗಿಡ್ಡ ಇರುತ್ತದೆ, ತಳದಲ್ಲಿ ಸಂದಿ ಉಳಿಯುತ್ತದೆ. ಆಗ ಬೆಣೆ ಬಿಗಿಯಾಗಿ ಹೊಡೆದರೆ ನಳಿಗೆ ಹಿಂದಕ್ಕೆ ಜಗ್ಗಿ ಸಿಲಿಂಡರ್ ಸಿಕ್ಕಿಬೀಳುತ್ತದೆ, ಸಡಿಲ ಬಿಟ್ಟರೆ ಪ್ರತಿ ಈಡಿಗೂ ಕೂಡಿಕೆ ಕುಲುಕುತ್ತದೆ. ಬಿಚ್ಚಿ ಜೋಡಿಸಿದಾಗಲೆಲ್ಲ ಗುರಿ ಬೇರೆ ಕಡೆ ಹೋಗುತ್ತದೆ.

ಪರೀಕ್ಷೆಗೆ ಉಪಕರಣ ಬೇಡ. ಬೆಣೆ ತೆಗೆದು ನಳಿಗೆ ಬಿಚ್ಚಿ, ಸಿಲಿಂಡರ್ ಪಕ್ಕಕ್ಕಿಡಿ. ನಳಿಗೆಯನ್ನು ಅಡ್ಡ ತಿರುಗಿಸಿ, ಅದರ ಕೆಳಭಾಗ ಫ್ರೇಮಿಗೆ ತಾಗದ ಹಾಗೆ, ಗೂಟದ ಮೇಲೆ ಪೂರ್ತಿ ತಳ್ಳಿ. ಆಮೇಲೆ ನಿಧಾನ ಕೆಳಗೆ ತಿರುಗಿಸಿ. ನಳಿಗೆಯ ಮುಖ ಫ್ರೇಮಿನ ಮುಖಕ್ಕೆ ಸವರಿಕೊಂಡು ಕೂತರೆ ಗೂಟದ ಉದ್ದ ಸರಿ. ಫ್ರೇಮಿನ ಬದಿಗೆ ಬಡಿದು ನಿಂತರೆ ಗೂಟ ಗಿಡ್ಡ. ಇದು ಸರಿ ಮಾಡಬಹುದಾದ ದೋಷ. ತಳದಲ್ಲಿ ಅಳತೆಗೆ ತಕ್ಕ ಉಕ್ಕಿನ ಬಿಲ್ಲೆ ಕೂರಿಸಿದರೆ ಆಯ್ತು. ಆ ಖರ್ಚು ಬೆಲೆಯಿಂದ ಕಳೆಯಿರಿ, ಬೇಡ ಅನ್ನಬೇಡಿ. ಆದರೆ ಹಿತ್ತಾಳೆ ಫ್ರೇಮಿನಲ್ಲಿ ಗೂಟವೇ ಬುಡದಿಂದ ಅಲ್ಲಾಡುತ್ತಿದ್ದರೆ ಕೆಳಗಿಟ್ಟು ಮುಂದೆ ನಡೆಯಿರಿ.

ರೆಮಿಂಗ್ಟನ್ ಮಾದರಿಗೆ ಈ ರಗಳೆ ಇಲ್ಲ. ಎಲ್ಲರೂ ಅದನ್ನು 1858 ಅಂತಾರೆ, ಅದು ಪೇಟೆಂಟಿನ ವರ್ಷ. ಮೇಲ್ಪಟ್ಟಿ ಇರುವ ಇಡೀ ಫ್ರೇಮು, ನಳಿಗೆ ಅದಕ್ಕೇ ತಿರುಚಿ ಕೂತಿದೆ. ಮೊದಲ ಸಲ ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು, ಉಕ್ಕಿನದು. ಒಂದು ಕೊರತೆ ಅಂದರೆ ಸಿಲಿಂಡರಿನ ಕಂಬಿ ಸಣ್ಣದು, ಮದ್ದಿನ ಮಸಿ ಹಿಡಿದು ಬೇಗ ಬಿಗಿಯಾಗುತ್ತದೆ.

ಮುಂದೆ ಕುದುರೆ. ಮಾರುವವರನ್ನು ಕೇಳಿಯೇ ಎಳೆಯಿರಿ, ಸಂಗ್ರಹಕಾರರ ವಸ್ತುವಾದರೆ ಒಂದು ಸಲ ಎಳೆದರೂ ಬೆಲೆ ಇಳಿಯುತ್ತದೆ. ಹೆಬ್ಬೆರಳಿನಿಂದ ತೀರಾ ನಿಧಾನ ಎಳೆಯುತ್ತಾ, ಇನ್ನೊಂದು ಕೈಯ ಬೆರಳನ್ನು ಸಿಲಿಂಡರಿಗೆ ಹಗುರಾಗಿ ತಾಗಿಸಿ. ಕುದುರೆ ಕೊನೆ ಮುಟ್ಟುವ ಹೊತ್ತಿಗೆ ಸಿಲಿಂಡರಿನ ಕಚ್ಚಿಗೆ ಚಿಲಕ ಬಿದ್ದಿರಬೇಕು. ಆರು ಕೋಣೆಗೂ ಹೀಗೇ ಆಗಬೇಕು. ಒಂದರಲ್ಲಿ ತಡವಾದರೂ ಆ ಕೋಣೆ ನಳಿಗೆಗೆ ನೇರ ನಿಲ್ಲುವುದಿಲ್ಲ, ಗುಂಡಿನ ಸೀಸ ಅಂಚಿಗೆ ಸವರಿ ಪಕ್ಕಕ್ಕೆ ಹಾರುತ್ತದೆ. ಸಿಲಿಂಡರಿನ ಸುತ್ತ ಬಳೆಯ ಹಾಗೆ ಗೀರು ಕಂಡರೆ ಚಿಲಕ ಬೇಗ ಬೀಳುತ್ತಿದೆ ಅಂತ ಅರ್ಥ. ಅದು ಬಹಳ ರಿವಾಲ್ವರ್‌ಗಳಲ್ಲಿ ಇರುತ್ತದೆ, ಹೆದರಬೇಡಿ. ಕಚ್ಚುಗಳ ಅಂಚೇ ಜಜ್ಜಿದ್ದರೆ ಹೆದರಿ.

ಹಳೇ ವಿನ್ಯಾಸದಲ್ಲೇ ಇದ್ದ ದೋಷಕ್ಕೆ ಇಟಲಿಯವರನ್ನು ದೂರುವುದು ನ್ಯಾಯವಲ್ಲ. 1847ರ ವಾಕರ್ ಕೋಲ್ಟ್‌ನ ರೆಪ್ಲಿಕಾದಲ್ಲಿ ಈಡು ಹೊಡೆದಾಗ ಗುಂಡು ಒತ್ತುವ ಹಿಡಿ ಕೆಳಗೆ ಬೀಳುತ್ತದೆ. ಅಸಲಿಯಲ್ಲೂ ಹಾಗೇ ಬೀಳುತ್ತಿತ್ತು.

ಒಬ್ಬ ಅಜ್ಜಿ ತೀರಿಹೋದ ಗಂಡನ ರೆಮಿಂಗ್ಟನ್ ರೆಪ್ಲಿಕಾ ತಂದಿದ್ದರು, ಡಬ್ಬದ ಸಮೇತ. ಹೊಡೆದೇ ಇಲ್ಲ ಅಂದರು. ಫ್ರೇಮಿನ ಮೇಲೆ ಪಿಎನ್ ಅಕ್ಷರದ ಮುದ್ರೆ, ಅಂದರೆ ಇಟಲಿಯ ಪರೀಕ್ಷಾಲಯದಲ್ಲಿ ಕರಿಮದ್ದಿಗೆ ಪಾಸಾಗಿದೆ. ಪಕ್ಕದ ಪುಟ್ಟ ಚೌಕದಲ್ಲಿ ಎಬಿ. ಅದು ಪರೀಕ್ಷೆಯಾದ ವರ್ಷದ ಗುರುತು. ಎಎ 1975, ಎಬಿ 1976, ಹಾಗೇ ಕೆಲವು ಅಕ್ಷರ ಬಿಟ್ಟು ಸಾಗಿ ಬಿಎ ಅಂದರೆ 1991. ಹೊರಗಿನ ಕಪ್ಪು ಬಣ್ಣ ಹೊಸದರ ಹಾಗಿತ್ತು. ನಿಪ್ಪಲ್‌ಗಳನ್ನು ಬಿಚ್ಚಿ ಬೆಳಕು ಬಿಟ್ಟೆ. ಐದು ಕೋಣೆ ಸ್ವಚ್ಛ. ಆರನೆಯದರ ತಳದಲ್ಲಿ ಕೆಂಪು ತುಕ್ಕು, ತೊಳೆದ ಮೇಲೂ ಸಣ್ಣ ಕುಳಿಗಳು. ಒಂದೇ ಒಂದು ಈಡು ಹೊಡೆದು ಹಾಗೇ ಇಟ್ಟಿದ್ದರು ಅನ್ನಿಸುತ್ತದೆ. ಮದ್ದು ಸುಟ್ಟ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಎಳೆಯುತ್ತದೆ. ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಉಪಯೋಗಕ್ಕೆ ತೊಂದರೆಯಿಲ್ಲ, ಆದರೆ "ಹೊಡೆಯದ್ದು" ಅನ್ನುವ ಬೆಲೆ ಸಿಗದು ಅಂತ ಅವರಿಗೆ ಬಿಡಿಸಿ ಹೇಳಿದೆ.

ಬೆಲೆಯ ಮಾತು ಬಂತಲ್ಲ. ರೆಪ್ಲಿಕಾ ಕೊಂಡಿಟ್ಟರೆ ಬೆಲೆ ಏರುತ್ತದೆ ಅಂತ ನಂಬಬೇಡಿ, ಸಾಮಾನ್ಯವಾಗಿ ಏರುವುದಿಲ್ಲ. ಕೆಲವು ಮಾತ್ರ ಬೇರೆ. ಕೋಲ್ಟ್ ಕಂಪನಿಯೇ 1971ರಿಂದ 1982ರವರೆಗೆ ಹೊರತಂದ ಎರಡನೇ ತಲೆಮಾರಿನವು, ಡಬ್ಬ-ಕಾಗದ ಸಮೇತ, ಸಿಲಿಂಡರಿಗೆ ಗೀರಿಲ್ಲದೆ ಇದ್ದರೆ ಒಳ್ಳೇ ದರ. 2008ರಲ್ಲಿ ತಯಾರಿ ನಿಂತ ರೂಗರ್ ಓಲ್ಡ್ ಆರ್ಮಿಗೂ ಗಿರಾಕಿ ಇದ್ದಾರೆ, ಅದು ರೆಪ್ಲಿಕಾ ಅಲ್ಲ, ಹೊಸ ವಿನ್ಯಾಸ. ಹಿತ್ತಾಳೆಯ ನಲವತ್ನಾಲ್ಕು ಕ್ಯಾಲಿಬರ್ ನೇವಿಗೆ ಇತಿಹಾಸದ ಬೆಲೆಯೂ ಇಲ್ಲ. ಅಸಲಿ ನೇವಿ ಮೂವತ್ತಾರು ಕ್ಯಾಲಿಬರ್. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳವರು ಜಾರ್ಜಿಯಾದ ಗ್ರಿಸ್ವೋಲ್ಡ್‌ವಿಲ್‌ನಲ್ಲಿ ಕಂಚು-ಹಿತ್ತಾಳೆಯ ಫ್ರೇಮಿನಲ್ಲಿ ಮಾಡಿದ್ದೂ ಮೂವತ್ತಾರೇ.

ಹೋದ ಸಂತೆಯಲ್ಲಿ ಒಬ್ಬರು ಅಂತರ್ಯುದ್ಧದ ಅಸಲಿ ಅಂತ ಒಂದನ್ನು ಬಿಚ್ಚಿಟ್ಟರು. ಬಣ್ಣ ಮಾಸಿತ್ತು, ಹಿಡಿ ಸವೆದಿತ್ತು, ನೋಡಿದರೆ ನಂಬಬೇಕು. ಫ್ರೇಮಿನ ಬದಿಯಲ್ಲಿ ಮುದ್ರೆ ಇರಬೇಕಾದ ಜಾಗ ಮಾತ್ರ ಸ್ವಲ್ಪ ತಗ್ಗಾಗಿತ್ತು, ಅರ ಹಾಕಿ ಉಜ್ಜಿದ ಹಾಗೆ. ಅವರ ಒಪ್ಪಿಗೆ ಪಡೆದು ನಿಪ್ಪಲ್ ಒಂದನ್ನು ಬಿಚ್ಚಿದೆ. ಇಟಲಿಯ ರೆಪ್ಲಿಕಾಗಳಿಗೆ ಹಾಕುವ ಆರು ಮಿಲಿಮೀಟರ್ ನಿಪ್ಪಲ್ ನನ್ನ ಜೇಬಲ್ಲಿತ್ತು. ಆ ತೂತಿಗೆ ಇಟ್ಟು ಬೆರಳಲ್ಲೇ ತಿರುಗಿಸಿದೆ. ಕೊನೆಯ ಸುತ್ತಿನವರೆಗೂ ಸಲೀಸಾಗಿ ಇಳಿಯಿತು. ಉಳಿದ ಐದು ತೂತಿಗೂ ಅದು ಹಾಗೇ ಇಳಿಯಿತು.